ಚಂದ್ರಾಮನ ಸೈಕಲ್ಲಿಗೆ ಗೇರು

ಜೈಭೀಮ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗಲು ಶುರುಮಾಡಿ ನಾಲ್ಕು ಭಾನುವಾರಗಳಾಗಿದ್ದವು. ಒಂದು ವಾರ ಡೊಂಬಿವಲಿ, ಒಂದು ವಾರ ಕಲ್ಯಾಣ, ಮತ್ತೆ ಡೊಂಬಿವಲಿ, ಆಮೇಲೆ ಠಾಣೆ. ಅಂಗಿಯ ಜೇಬಿನಲ್ಲಿ ವರ್ನಿಯರ್ ಮಾಪಕ, ಪ್ಯಾಂಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಆ ಕಾಗದದಲ್ಲಿ ಅವನ ಅಪ್ಪನ ಹಳೇ ಸೈಕಲ್ಲಿನ ಹಿಂಗಾಲಿಯ ಅಳತೆಗಳಿದ್ದವು. ಆ ಗಾಲಿಗೆ ಒಂದು ಗೇರ್ ಹಬ್ ಬೇಕಾಗಿತ್ತು. ಒಂದು ಹಬ್ಬಿಗೆ ಇಷ್ಟು ತಿರುಗಾಟವೇ ಎಂದು ಯಾರಾದರೂ ಕೇಳಿದರೆ ಅವನಿಗೆ ರೇಗಿಹೋಗುತ್ತಿತ್ತು.

ಇದು ಇವತ್ತಿನ ಹುಡುಗರ ಸೈಕಲ್ಲಿನ ಗೇರಲ್ಲ. ಅದರಲ್ಲಿ ಏಳೆಂಟು ಹಲ್ಲಿನ ಬಿಲ್ಲೆಗಳಿರುತ್ತವೆ, ಚೈನು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ಹಾರುವಾಗ ಕಾಲು ತುಳಿಯುತ್ತಲೇ ಇರಬೇಕು. ಇದರಲ್ಲಿ ಗೇರಿನ ಸರಂಜಾಮೆಲ್ಲ ಗಾಲಿಯ ನಡುವಿನ ಹಬ್‌ನ ಹೊಟ್ಟೆಯೊಳಗೇ ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ಸಾದಾ ಸೈಕಲ್ಲು. ಏರಿನ ನಡುವೆ ಸುಸ್ತಾಗಿ ನಿಂತುಬಿಟ್ಟರೂ, ನಿಂತಲ್ಲೇ ಗೇರು ಇಳಿಸಿ ಹಗುರವಾಗಿ ಹೊರಡಬಹುದು. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಜೈಭೀಮ ಗ್ಯಾಸ್ ಬೆಂಕಿಯಿಂದ ಕಬ್ಬಿಣ ಕೊಯ್ಯುವ ಕಟರ್. ವಿದೇಶದಿಂದ ಬಂದ ಗುಜರಿಯ ರಾಶಿಯಲ್ಲಿ ಇಂಥದೊಂದು ಮುರುಕು ಹಬ್ ಕಂಡ ದಿನವೇ ಈ ಹುಚ್ಚು ಅವನ ತಲೆಗೇರಿತ್ತು.

ಹುಚ್ಚಿಗೆ ಕಾರಣವಿತ್ತು. ಸಂಕ್ರಾಂತಿ ಮುಗಿದ ವಾರವೇ ಅವನ ಹೆಂಡತಿ ದಾನೇಶ್ವರಿಗೆ ಆಪರೇಷನ್ ಮಾಡಿ ಗರ್ಭಚೀಲ ತೆಗೆದಿದ್ದರು. ಎರಡು ತಿಂಗಳು ಭಾರ ಮುಟ್ಟಲೇಬಾರದು, ಆಮೇಲೂ ಏರಿನಲ್ಲಿ ಭಾರ ನೂಕುವ ಕೆಲಸ ಬೇಡ, ಹಗುರಾಗಿ ಸೈಕಲ್ ತುಳಿದರೆ ಅಡ್ಡಿಯಿಲ್ಲ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ದಾನೇಶ್ವರಿಯ ಕೆಲಸವೆಂದರೆ ಭಾರವನ್ನು ಏರಿಗೆ ನೂಕುವುದೇ ಆಗಿತ್ತು. ಖಾರಘರ ಸ್ಟೇಷನ್ನಿನ ಆಚೆಯ ಚಾಳಿನಲ್ಲಿ ಅವಳೂ ಪಕ್ಕದ ಖೋಲಿಯ ಮರಗಮ್ಮನೂ ಬೆಳಗ್ಗೆ ನೂರಿಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹತ್ತೂವರೆಗೆ ಅದನ್ನೂ ಶೇಂಗಾ ಚಟ್ನಿಯನ್ನೂ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ದಾನೇಶ್ವರಿ ಗುಡ್ಡದ ಕಡೆಗೆ ಹೊರಡುತ್ತಿದ್ದಳು. ಅಲ್ಲಿ ಎತ್ತರದ ಕಟ್ಟಡವೊಂದರ ಕೆಳಗೆ ಉಡುಪಿ ಕಡೆಯ ಜಯಲತಾ ನಡೆಸುವ ಮೆಸ್ ಇತ್ತು. ಕಾಲೇಜಿನ ಹುಡುಗರು, ಆಫೀಸಿನವರು ಮಧ್ಯಾಹ್ನ ಅಲ್ಲಿ ಊಟ ಮಾಡುತ್ತಿದ್ದರು. ಹಾದಿಯ ಕೊನೆಯ ಅರ್ಧ ಕಿಲೋಮೀಟರು ಮೈಮುರಿಯುವ ಏರು.

ಆಪರೇಷನ್ನಿನ ಸುದ್ದಿ ಕೇಳಿ ಜಯಲತಾ ಸುಮ್ಮನೆ ಮರುಗಿ ಕೈತೊಳೆದುಕೊಂಡಿರಲಿಲ್ಲ. ಸ್ಕೂಟರ್ ಇಟ್ಟುಕೊಂಡ ಇನ್ನೊಬ್ಬಾಕೆ ರೊಟ್ಟಿ ಕೊಡುತ್ತೇನೆಂದು ಬಾಗಿಲಿಗೆ ಬಂದಿದ್ದರೂ, "ಯುಗಾದಿವರೆಗೆ ಕಾಯ್ತೇನೆ, ಅಷ್ಟರಲ್ಲಿ ಒಂದು ದಿನವೂ ರೊಟ್ಟಿ ತಪ್ಪಬಾರದು ಆಯ್ತಾ" ಎಂದಿದ್ದಳು. ಅಲ್ಲಿಯವರೆಗೆ ಮರಗಮ್ಮ ಶೇರ್ ಆಟೋದಲ್ಲಿ ಏರಿನ ಬುಡದ ತನಕ ಹೋಗಿ, ಮುಂದೆ ಬುಟ್ಟಿ ಹೊತ್ತು ನಡೆದು ಮುಟ್ಟಿಸುವುದೆಂದು ಮಾತಾಗಿತ್ತು. ಯುಗಾದಿಗೆ ದಾನೇಶ್ವರಿ ಮತ್ತೆ ಸೈಕಲ್ ಹತ್ತಬೇಕು, ಹತ್ತಿದರೂ ಹೊಟ್ಟೆಗೆ ಬಿಗಿತ ತಾಗಬಾರದು. ಅದಕ್ಕೆ ಗೇರು. ಜೈಭೀಮನ ಲೆಕ್ಕ ಇಷ್ಟೇ.

ಇಷ್ಟೇ ಆಗಿದ್ದರೆ ಒಂದೇ ಭಾನುವಾರಕ್ಕೆ ಮುಗಿಯಬೇಕಿತ್ತು. ಆದರೆ ಸೈಕಲ್ಲು ಅವನ ಅಪ್ಪ ಚಂದ್ರಾಮನದು. ಕಲಬುರಗಿ ಕಡೆಯಿಂದ ಬಂದು ಶಹಾಡ್‌ನ ಮಿಲ್ಲೊಂದರಲ್ಲಿ ಟಪಾಲು ಒಯ್ಯುವ ಸಿಪಾಯಿಯಾಗಿದ್ದ ಚಂದ್ರಾಮನಿಗೆ, ನಿವೃತ್ತನಾಗುವ ಮ್ಯಾನೇಜರೊಬ್ಬ ಬಿಟ್ಟುಹೋದ ಇಂಗ್ಲಿಷ್ ಸೈಕಲ್ಲು ಅದು. ಮಗನಿಗಿಂತ ವಯಸ್ಸಿನಲ್ಲಿ ದೊಡ್ಡದು. ಕಪ್ಪು ಬಣ್ಣದ ಮೇಲಿನ ಬಂಗಾರದ ಗೆರೆ ಇನ್ನೂ ಮಾಸಿರಲಿಲ್ಲ. ಚಂದ್ರಾಮ ಅದನ್ನು ಮಗನಿಗೂ ಮುಟ್ಟಗೊಟ್ಟವನಲ್ಲ, ಕೊನೆಗಾಲದಲ್ಲಿ ಮಾತ್ರ ಸೊಸೆಯ ಕೈಗೆ ಕೊಟ್ಟ. ಯಾಕೆಂದರೆ ಇಡೀ ಮನೆಯಲ್ಲಿ ಹೇಳದೆ ಕೇಳದೆ ಚೈನಿಗೆ ಎಣ್ಣೆ ಬಿಡುತ್ತಿದ್ದವಳು ಅವಳೊಬ್ಬಳೇ. ಇಂಥ ಸೈಕಲ್ಲಿಗೆ ಯಾವುದೋ ಒಂದು ಹಬ್ ತಂದು ಜಡಿಯುವುದೆಂದರೆ ಜೈಭೀಮನ ಮನಸ್ಸು ಒಪ್ಪುತ್ತಿರಲಿಲ್ಲ. ಹೆಂಡತಿಗೆ ಹಗುರಾಗಬೇಕು, ಅಪ್ಪನ ಸೈಕಲ್ಲಿಗೆ ಕುಂದು ಬರಬಾರದು, ನೂರು ವರ್ಷ ಬಾಳಬೇಕು. ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಹಬ್ ಯಾವ ಅಂಗಡಿಯಲ್ಲಿ ಸಿಕ್ಕೀತು?

ಮೊದಲ ಭಾನುವಾರ ಹೋದದ್ದು ಡೊಂಬಿವಲಿಯ ಲತೀಶನ ಅಂಗಡಿಗೆ. ಲತೀಶನ ಅಪ್ಪನದು ಇಡ್ಲಿ ಹೋಟೆಲು. ಮಗ ಹೋಟೆಲಿನ ಅರ್ಧ ಜಾಗದಲ್ಲಿ ಗೋಡೆ ಎಬ್ಬಿಸಿ ಸೈಕಲ್ ರಿಪೇರಿ ಇಟ್ಟಿದ್ದ.

"ನೋಡಿ ಮಾರಾಯ್ರೆ, ಇದು ಮೂರು ಸ್ಪೀಡಿಂದು, ಹಳೇ ಇಂಗ್ಲಿಷ್ ಮಾಲು," ಎಂದು ಒಂದು ಹಬ್ ಒರೆಸಿ ಕೈಗಿಟ್ಟ. "ಕಡ್ಡಿ ಪೋಣಿಸ್ಲಿಕ್ಕೆ ನಲವತ್ತು ತೂತು ಉಂಟು, ನಿಮ್ಮ ಹಳೇ ರಿಮ್ಮಿಗೇ ಕೂರ್ತದೆ. ಎಂತ ಕಡಿಲಿಕ್ಕೂ ಇಲ್ಲ, ಬಗ್ಗಿಸ್ಲಿಕ್ಕೂ ಇಲ್ಲ."

"ಕೆಳಗಿನ ಗೇರು ಎಷ್ಟು ಹಗುರ ಆಗ್ತದ?"

"ನಾಲ್ಕರಲ್ಲಿ ಒಂದು ಪಾಲು."

"ಬರೇ ಒಂದು ಪಾವಾ?" ಜೈಭೀಮನ ಮುಖ ಸಣ್ಣದಾಯಿತು. ಆ ಏರಿನಲ್ಲಿ ಒಂದು ಪಾಲು ಹಗುರಾದರೆ ಸಾಕೇ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಸೈಕಲ್ಲಿಗೆ ರೊಟ್ಟಿ ಕಟ್ಟಿಕೊಂಡು ಆ ಏರು ಅವನು ಯಾವತ್ತೂ ಹತ್ತಿರಲಿಲ್ಲ.

ಮುಂದಿನ ವಾರ ಕಲ್ಯಾಣದ ಗುಜರಿಯಲ್ಲಿ ಐದು ಸ್ಪೀಡಿನದೊಂದು ಸಿಕ್ಕಿತು. ಅದರೊಳಗಿನ ಒಂದು ಹಲ್ಲು ಮೊಂಡಾಗಿತ್ತು. ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲವೆಂದು ಗುಜರಿಯವನೇ ಕೈಯಾಡಿಸಿದ. ಆ ಸಂಜೆ ಜೈಭೀಮ ಸುಮ್ಮನೆ ಕೂರಲಾರದೆ ಸೈಕಲ್ಲಿನ ಹಿಂಗಾಲಿಯನ್ನು ಬಿಚ್ಚಿದ. ಸರಿಯಾಗಿ ಅಳೆಯಬೇಕಿತ್ತು. ಕಬ್ಬಿಣದ ಪೇಟೆಯವನ ಅಳತೆ ಸೂತಿನದು, ಇಂಚಿಗೆ ಎಂಟು ಸೂತು. ಗಾಲಿ ಕೂರುವ ಹಿಂದಿನ ಎರಡು ಕೊಳವೆಗಳ ನಡುವೆ ಮೂವತ್ತಾರು ಸೂತು ಜಾಗವಿತ್ತು. ಅದನ್ನು ಕಾಗದದ ಮೇಲೆ ಬರೆದ, ಕೆಳಗೆ ಗೆರೆ ಎಳೆದ, ಗಾಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ. ನಾಳೆಯೋ ನಾಡಿದ್ದೋ ಹೊಸ ಹಬ್ ಬರುತ್ತದೆ, ಮತ್ತೆ ಮತ್ತೆ ಯಾಕೆ ಬಿಚ್ಚುವುದು?

ಗಾಲಿ ಮೊಳೆಯ ಮೇಲೇ ಉಳಿಯಿತು.

"ಇವತ್ತರ ಸಿಕ್ತೇನ್ರಿ?" ಎಂದು ದಾನೇಶ್ವರಿ ಪ್ರತಿ ಭಾನುವಾರ ಸಂಜೆ ಕೇಳುವಳು. ಅವನು ಬೂಟು ಬಿಚ್ಚುವ ಮೊದಲೇ ಶುರುವಾಗುವನು. ಮೂರರದು ಗಟ್ಟಿ, ಆದರೆ ಏರಿಗೆ ಸಾಲದು. ಐದರದು ಸರಿ, ಆದರೆ ಮೊಂಡು. ಏಳರದು ಒಂದು ಇದೆಯಂತೆ, ಅದರ ತೂತು ಮೂವತ್ತಾರು, ನಮ್ಮ ರಿಮ್ಮಿನದು ನಲವತ್ತು. ಅವಳು ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು, ಹೂಂ ಹೂಂ ಎನ್ನುತ್ತಲೇ ಕಣ್ಣು ಮುಚ್ಚುತ್ತಿದ್ದಳು. ಆ ಅಂಗೈ ಕಂಡಾಗೆಲ್ಲ ಅವನು ಕಾಗದ ತೆಗೆದು ಲೆಕ್ಕಕ್ಕೆ ಕೂರುತ್ತಿದ್ದ. ಎರಡು ತಿಂಗಳಾಗುತ್ತ ಬಂದರೂ ಇವಳ ನೋವು ಇಳಿಯಲಿಲ್ಲ, ಗೇರು ಇನ್ನೂ ಹಗುರದ್ದೇ ಬೇಕು ಎಂದುಕೊಳ್ಳುತ್ತಿದ್ದ. ಮರುದಿನ ಪೇಟೆಯಲ್ಲಿ ಕಬ್ಬಿಣ ಕೊಯ್ಯುತ್ತ ನಿಂತರೂ ತಲೆಯೊಳಗೆ ಹಲ್ಲುಗಳು ತಿರುಗುತ್ತಿದ್ದವು. ರೈಲಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲಿಗೆ ಹೋಗುವನು, ಬಾಗಿಲಲ್ಲಿ ನಿಂತರೆ ಮತ್ತೆ ಒಳಗೆ ಬರುವನು. ತುರ್ಭೆ ಸ್ಟೇಷನ್ ದಾಟುವಷ್ಟರಲ್ಲಿ, ಡೊಂಬಿವಲಿಗೇ ಮೊದಲು ಹೋಗಬೇಕಿತ್ತೇನೋ ಎನಿಸುತ್ತಿತ್ತು. ಇಂಥವನ ಪಕ್ಕ ಕೂತವರ ಪಾಡು ಯಾರಿಗೂ ಬೇಡ.

ಮೂರನೆಯ ವಾರ ಲತೀಶ ಬೇಸರಪಡದೆ ಮತ್ತೊಮ್ಮೆ ಎಲ್ಲ ಬಿಡಿಸಿ ಹೇಳಿದ. ದೊಡ್ಡ ಹಬ್ಬೇ ಬೇಕೆಂದರೆ ಹಿಂದಿನ ಕೊಳವೆಗಳನ್ನು ತುಸು ಅಗಲಿಸಬೇಕಾಗುತ್ತದೆ ಎಂದ. "ಆದರೆ ತಣ್ಣಗೇ ಮಾಡ್ಬೇಕು. ಒಂದು ಉದ್ದ ಬೋಲ್ಟು, ಎರಡು ನಟ್ಟು. ದಿನಾ ಸ್ವಲ್ಪ ಸ್ವಲ್ಪ. ಬೆಂಕಿ ಮಾತ್ರ ತೋರಿಸ್ಬೇಡಿ."

ಜೈಭೀಮ ತಲೆಯಾಡಿಸಿದ. ಆದರೆ ಹೊರಗೆ ಬಂದ ಮೇಲೆ ಅವನ ಮೂಗು ಮೇಲೇರಿತು. ಇಡ್ಲಿ ಹೋಟೆಲಿನ ಮಗ ನನಗೆ ಕಬ್ಬಿಣ ಬಗ್ಗಿಸುವುದು ಕಲಿಸುತ್ತಾನಾ? ಹದಿನೆಂಟು ವರ್ಷದಿಂದ ನಾನು ಕೊಯ್ದ ಕಬ್ಬಿಣಕ್ಕೆ ಇವನ ಡೊಂಬಿವಲಿ ಸ್ಟೇಷನ್ನೇ ಸಾಲದು.

ನಾಲ್ಕನೆಯ ಭಾನುವಾರ ಠಾಣೆಯ ಹೃಷೀಕೇಶನ ಮನೆಗೆ ಹೋದ. ಹೃಷೀಕೇಶ ಹಳೇ ಸೈಕಲ್ಲುಗಳನ್ನು ಕೂಡಿಡುವ ಶ್ರೀಮಂತ. ಅವನ ಹಾಲಿನಲ್ಲಿ ಸೋಫಾಕ್ಕಿಂತ ಸೈಕಲ್ಲುಗಳಿಗೇ ಹೆಚ್ಚು ಜಾಗ. ತಾಯಿ ಧಾರವಾಡದವಳಾದ್ದರಿಂದ ಮರಾಠಿಯ ನಡುವೆ ಕನ್ನಡವೂ ಬರುತ್ತಿತ್ತು. ಅವನು ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಹಬ್ಬೊಂದನ್ನು ತೆಗೆದ. ಜಪಾನಿನದು, ಎಂಟು ಸ್ಪೀಡು. ಜೈಭೀಮ ಅದರ ಅಚ್ಚನ್ನು ಹಿಡಿದು ಬೆರಳಿನಿಂದ ತಿರುಗಿಸಿದ. ಸದ್ದೇ ಇಲ್ಲ. ಬೆಣ್ಣೆಯಲ್ಲಿ ಬೆರಳು ಆಡಿಸಿದಂತೆ ತಿರುಗಿತು.

"ಕೆಳಗಿನ ಗೇರು?"

"ಬಹುತೇಕ ಅರ್ಧಕ್ಕರ್ಧ ಹಗುರ," ಎಂದ ಹೃಷೀಕೇಶ. "ಫಕ್ತ್ ಒಂದು ಮಾತು. ಇದು ಅಗಲ ಜಾಸ್ತಿ. ನಿಮ್ಮ ಫ್ರೇಮಿಗೆ ಕೂಡಂಗಿಲ್ಲ. ಹೊಸಾ ರಿಮ್ಮೂ ಬೇಕು."

ಜೈಭೀಮ ಮಾಪಕ ಹಚ್ಚಿದ. ನಲವತ್ತೊಂದೂವರೆ ಸೂತು. ಐದೂವರೆ ಸೂತು ಅಗಲಿಸಬೇಕು. ಅಗಲಿಸಿದರಾಯಿತು! ಕಳಂಬೋಲಿಯ ಗಂಡಸಿಗೆ ಐದೂವರೆ ಸೂತು ಯಾವ ಲೆಕ್ಕ? ಎರಡು ತಿಂಗಳ ಓವರ್‌ಟೈಮು ಅಲ್ಲೇ ಎಣಿಸಿಕೊಟ್ಟು ಹಬ್ ಚೀಲಕ್ಕೆ ಹಾಕಿಕೊಂಡ. ಅಂದು ಬರುವಾಗ ಮಾತ್ರ ರೈಲಿನಲ್ಲಿ ಖಾರಘರದ ತನಕ ಕೂತೇ ಬಂದ.

ಮಂಗಳವಾರ ಬೆಳಗ್ಗೆ ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಮೊದಲ ಟ್ರಕ್ಕು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಲತೀಶ ಹೇಳಿದಂತೆ ಉದ್ದ ಬೋಲ್ಟು ತಂದೇ ಇದ್ದ. ಎರಡು ಕೊಳವೆಗಳ ನಡುವೆ ಇಟ್ಟು ನಟ್ಟು ತಿರುಗಿಸಿದ. ಒಂದು ಸೂತು ಸರಿಯಿತು, ಬಿಟ್ಟೊಡನೆ ಮುಕ್ಕಾಲು ಭಾಗ ವಾಪಸ್ ಬಂತು. ಮತ್ತೆ ತಿರುಗಿಸಿದ, ಮತ್ತೆ ವಾಪಸ್ಸು. ದಿನಾ ಸ್ವಲ್ಪ ಸ್ವಲ್ಪ ಎಂದರೆ ಯುಗಾದಿ ಹೋಗಿ ಗಣಪತಿ ಬರುತ್ತದೆ. ಜೈಭೀಮನ ಕೈಯೊಳಗೆ ಇರುವೆ ಹರಿದಾಡಿದಂತಾಯಿತು. ಪಕ್ಕದಲ್ಲೇ ಟಾರ್ಚು ಇತ್ತು. ಹದಿನೆಂಟು ವರ್ಷ ಕಬ್ಬಿಣ ಮಾತು ಕೇಳದಿದ್ದಾಗೆಲ್ಲ ಕೈ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು. ನೀಲಿ ಬೆಂಕಿ ಹಚ್ಚಿ, ಪೆಡಲಿನ ಅಚ್ಚು ಕೂರುವಲ್ಲಿ, ಕೊಳವೆಯ ಬುಡಕ್ಕೆ ತೋರಿಸಿದ. ಕಬ್ಬಿಣ ಕೆಂಪಗಾಯಿತು. ಹಾಂ, ಈಗ ಬಾ, ಎಂದು ನಟ್ಟು ತಿರುಗಿಸಿದ.

ಕೊಳವೆ ಬಾಗಲಿಲ್ಲ, ಬುಡದಿಂದಲೇ ಕಿತ್ತು ಬಂತು. ಕಿತ್ತ ಜಾಗದಿಂದ ಹಳದಿ ಹನಿಯೊಂದು ನೆಲಕ್ಕೆ ಜಾರಿ ಧೂಳಿನಲ್ಲಿ ಉರುಳಿತು. ಹಿತ್ತಾಳೆ. ಹಳೇ ಸೈಕಲ್ಲಿನ ಕೊಳವೆಗಳನ್ನು ಹಿತ್ತಾಳೆಯ ಬೆಸುಗೆಯಿಂದ ಕೂಡಿಸಿರುತ್ತಾರೆ, ಕಬ್ಬಿಣ ಮೆತ್ತಗಾಗುವ ಬೆಂಕಿಗೆ ಹಿತ್ತಾಳೆ ನೀರಾಗುತ್ತದೆ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಕಬ್ಬಿಣವನ್ನೇ ಕಂಡು ಕಂಡು ಪಳಗಿದ ಕಣ್ಣು ಹಿತ್ತಾಳೆಯನ್ನು ಮರೆತಿತ್ತು. ಬಂಗಾರದ ಗೆರೆಯಿದ್ದ ಜಾಗದಲ್ಲಿ ಬಣ್ಣ ಸುಟ್ಟು ಗುಳ್ಳೆಯೆದ್ದಿತ್ತು. ಅಪ್ಪ ಇದ್ದಿದ್ದರೆ ಬಾಯಿಬಿಟ್ಟು ಬೈಯುತ್ತಿದ್ದ, ಅದಾದರೂ ವಾಸಿಯಿತ್ತು ಎನಿಸಿತು.

"ಕಾಯ್ ಝಾಲಂ ಭಾವೂ, ಏನಾಯ್ತು, ಮುಖ ಯಾಕೆ ಹಾಂಗೆ?" ಎಂದ ಕೆಲಸದ ಮೇಲ್ವಿಚಾರಣೆಯ ಮುಕಾದಮ ಸೂರಜ್. ಜ್ವರವೆಂದ ಜೈಭೀಮ. ಸೂರಜ್ ಅವನ ಮುಖ ನೋಡಿ ನಂಬಿ ಮನೆಗೆ ಕಳಿಸಿದ.

ಫ್ರೇಮನ್ನು ಅಲ್ಲೇ ಒಂದು ಮೂಲೆಯಲ್ಲಿ ಮುಚ್ಚಿಟ್ಟ. ಮನೆಗೆ ಹೋಗುವ ಧೈರ್ಯವಿರಲಿಲ್ಲ. ಯುಗಾದಿಗೆ ಇನ್ನು ಹತ್ತೇ ದಿನ. ಮೊದಲು ಜಯಲತಾಳನ್ನು ಕಂಡು, ಇನ್ನೊಂದು ಹದಿನೈದು ದಿನ ತಡೆದುಕೊಳ್ಳಿ ಎಂದು ಕೈಮುಗಿಯಬೇಕು, ಆಮೇಲೆ ದಾನೇಶ್ವರಿಗೆ ಹೇಳುವುದು. ಹೀಗೆಂದುಕೊಂಡು ಬಸ್ಸಿನಲ್ಲಿ ಖಾರಘರಕ್ಕೆ ಬಂದು ಏರಿನ ಬುಡದಲ್ಲಿ ಇಳಿದಾಗ ಹನ್ನೊಂದೂವರೆಯ ಬಿಸಿಲು ನೆತ್ತಿ ಸುಡುತ್ತಿತ್ತು.

ಅವನ ಮುಂದೆ ನೂರು ಹೆಜ್ಜೆ ದೂರದಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತುತ್ತಿದ್ದಳು. ಮರಗಮ್ಮನಿರಬೇಕು. ಆದರೆ ಮರಗಮ್ಮ ಕುಳ್ಳಿ, ದಬದಬ ನಡೆಯುವವಳು. ಇವಳು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಹೊಟ್ಟೆಗೆ. ರಸ್ತೆ ತಿರುಗುವಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಬಗ್ಗಿ, ಮೊಣಕಾಲಿಗೆ ಹಣೆ ಹಚ್ಚಿ ಕೂತಳು. ಆ ಹಸಿರು ಸೀರೆಯನ್ನು ಅವನೇ ಹೋದ ದೀಪಾವಳಿಗೆ ತಂದುಕೊಟ್ಟಿದ್ದ.

ಓಡಿದನೋ ನಡೆದನೋ ಅವನಿಗೇ ತಿಳಿಯದು. ಅವಳ ಮುಂದೆ ನಿಂತಾಗ ಬಾಯಿಂದ ಬಂದದ್ದು ಸಿಟ್ಟು. ಹೆದರಿದವನಿಗೆ ಮೊದಲು ಬರುವುದು ಅದೇ.

"ಮರಗಮ್ಮ ಎಲ್ಲಿ?"

ದಾನೇಶ್ವರಿ ತಲೆಯೆತ್ತಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಂಡಳು. "ಊರಿಗಿ ಹೋಗ್ಯಾಳ. ಮಗಳ ಬಾಣಂತನಕ."

"ಯಾವಾಗ?"

"ಶಿವರಾತ್ರಿ ಮರುದಿನ."

"ಮೂರು ವಾರ ಆಯ್ತಲ್ಲ! ಮೂರು ವಾರದಿಂದ ನೀ ಹೊರ್ಲತ್ತಿ? ನಂಗ್ಯಾಕ ಹೇಳಿಲ್ಲ?"

"ಏನಂತ ಹೇಳ್ಲಿ?" ಅವಳ ದನಿ ಏರಲಿಲ್ಲ. "ಒಂದಿನ ತಪ್ಪಿದ್ರ ಆ ಸ್ಕೂಟರಿನಾಕಿ ಬರ್ತಾಳ. ನೀವು ನೋಡಿದ್ರ ನನ್ ಸಲುವಾಗೇ ಊರೂರು ತಿರುಗ್ಲತ್ತೀರಿ. ಸಂಜಿಗಿ ಬಂದು ಸೂತು, ಹಲ್ಲು ಅಂತ ಹೇಳ್ತಿದ್ರಿ. ನಿಮ್ ಮಾರಿ ನೋಡಿದ್ರ ನಂಗ ಬಾಯೇ ಬರ್ತಿದ್ದಿಲ್ಲ."

"ಹೊರೋದ್ಯಾಕ? ಸೈಕಲ್ ಮ್ಯಾಲ ಇಟ್ಟು ಮೆಲ್ಲಕ ನೂಕ್ಕೊಂಡರ..."

"ಮೊದಲ ನಾಕ್ ದಿನ ಹಂಗೇ ಒಯ್ದೆ. ಆಮ್ಯಾಲ ಸೈಕಲ್ಲಿಗಿ ಗಾಲಿ ಎಲ್ಲದ್ರೀ?"

ಗಾಲಿ ಮೊಳೆಯ ಮೇಲಿತ್ತು. ಬಿಚ್ಚಿ ನೇತುಹಾಕಿದವನು ಅವನೇ. ಇವಳಿಗೆ ಹಗುರ ಮಾಡುತ್ತೇನೆಂದು ಹೊರಟು, ಇವಳ ಬಳಿ ಇದ್ದ ಒಂದು ಆಸರೆಯನ್ನೂ ಕಿತ್ತುಕೊಂಡಿದ್ದ. ನಾಲ್ಕರಲ್ಲಿ ಒಂದು ಪಾಲು ಸಾಲದೆಂದು ಮೂಗು ಮುರಿದು ಬಂದ ಮೇಲೆ ಇವಳು ಇಡೀ ಭಾರವನ್ನು ತಲೆಯ ಮೇಲೆ ಹೊತ್ತಿದ್ದಳು, ಹಸೀ ಗಾಯದ ಮೇಲೆ, ದಿನವೂ. ಪಕ್ಕದ ಖೋಲಿಯಲ್ಲಿ ಮರಗಮ್ಮ ಇಲ್ಲದ್ದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಸಿಂಬಿ ತೆಗೆದು ತನ್ನ ತಲೆಗಿಟ್ಟು ಬುಟ್ಟಿ ಹೊತ್ತ. ದಾನೇಶ್ವರಿ ಹಿಂದೆ ಹಿಂದೆ ಬಂದಳು. ಮೆಸ್ಸಿನ ಬಾಗಿಲಲ್ಲಿ ಜಯಲತಾ ಸೌಟು ಹಿಡಿದೇ ಹೊರಗೆ ಬಂದಳು.

"ಅಂತೂ ಬಂದ್ರಲ್ಲ ನೀವು! ನಾನು ದಿನಾ ಹೇಳ್ತೇನೆ ಇವಳಿಗೆ, ಗಂಡನಿಗೆ ಹೇಳು, ಒಂದು ವಾರ ಅವರೇ ತರ್ಲಿ ಅಂತ. ಅವರಿಗೆ ದೊಡ್ಡ ಕೆಲಸ ಉಂಟು ಅಕ್ಕಾ ಅಂತಾಳೆ. ಎಂತ ದೊಡ್ಡ ಕೆಲಸ ಮಾರಾಯ್ರೆ?"

ಫ್ರೇಮು ಮುರಿದ ಸುದ್ದಿ ಹೇಳಲು ಬಂದವನು ಬುಟ್ಟಿ ಇಳಿಸಿ ರೊಟ್ಟಿ ಎಣಿಸತೊಡಗಿದ.

ಮರುದಿನ ಡಾಕ್ಟರಮ್ಮ ಮುಟ್ಟಿ ನೋಡಿ, ಒಳಗೆ ಬಾವು ಬಂದಿದೆ, ಇನ್ನೂ ಎರಡು ತಿಂಗಳು ಏನೂ ಮಾಡಕೂಡದು, ಈ ಸಲ ಕೇಳದಿದ್ದರೆ ಮತ್ತೆ ಹೊಟ್ಟೆ ಕೊಯ್ಯಬೇಕಾದೀತು ಎಂದು ಗದರಿದಳು. ಜೈಭೀಮ ಮೂರು ದಿನ ರಜೆ ಹಾಕಿ ರೊಟ್ಟಿ ಹೊತ್ತ. ಶುಕ್ರವಾರ ಮಧ್ಯಾಹ್ನ, ರೊಟ್ಟಿ ಮುಟ್ಟಿಸಿದ ಮೇಲೆ, ಪೇಟೆಯಿಂದ ತಂದ ಮುರಿದ ಫ್ರೇಮನ್ನು ಗೋಣಿಯಲ್ಲಿ ಸುತ್ತಿ ಡೊಂಬಿವಲಿಗೆ ಹೊರಟ. ಮುರಿದದ್ದನ್ನು ಅವನ ಬಾಯಿಂದಲೇ ಕೇಳಿದ್ದ ದಾನೇಶ್ವರಿ ತಾನೂ ಬರುತ್ತೇನೆಂದಳು. ಅವನು ಎರಡು ಟಿಕೆಟ್ ತೆಗೆಸಿದ.

ಲತೀಶ ಸುಟ್ಟ ಜಾಗವನ್ನು ಉಗುರಿನಿಂದ ಕೆರೆದು ನೋಡಿದ. "ಬೆಂಕಿ ತೋರಿಸಿದ್ರಿ ಅಲ್ವಾ?" ಎಂದನಷ್ಟೇ. ಕಲ್ಯಾಣದಲ್ಲಿ ಹಿತ್ತಾಳೆ ಬೆಸುಗೆಯ ಮುದುಕನೊಬ್ಬನಿದ್ದಾನೆ, ಸರಿಮಾಡಿಸಬಹುದು, ಕಲೆ ಉಳಿಯುತ್ತದೆ ಎಂದ. ಆಮೇಲೆ ಜೈಭೀಮನನ್ನು ಬಿಟ್ಟು ದಾನೇಶ್ವರಿಯ ಕಡೆ ಸ್ಟೂಲು ಸರಿಸಿದ.

"ತುಳಿಯೋದು ನೀವಲ್ವಾ ಅಕ್ಕ? ಆ ಏರಲ್ಲಿ ನೀವು ಸೈಕಲಿಂದ ಇಳಿಯೋದು ಎಲ್ಲಿ?"

ಜೈಭೀಮ ಬೆಚ್ಚಿದ. ನಾಲ್ಕು ವಾರದಲ್ಲಿ ಎಷ್ಟು ಹಲ್ಲು, ಎಷ್ಟು ತೂತು, ಎಷ್ಟು ಸೂತು ಎಂದು ಊರಿಗೆಲ್ಲ ಕೇಳಿದ್ದ. ಈ ಪ್ರಶ್ನೆಯನ್ನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಟ್ರಾನ್ಸ್‌ಫಾರ್ಮರ್ ಹತ್ರ," ಎಂದಳು ದಾನೇಶ್ವರಿ. "ಅಲ್ಲೀತನಕ ಹ್ಯಾಂಗರ ತುಳಿತೀನಿ. ತಿರುವಿನಾಗ ದಮ್ಮು ಹಿಡಿತದ. ಇಳಿದ್ರ ಮುಗೀತು, ಮತ್ತ ಹತ್ತಾಕ ಬರಂಗಿಲ್ಲ, ಭಾರ ಹಿಂದಕ ಜಗ್ಗತದ. ಅಲ್ಲಿಂದ ನೂಕೋದೇ."

"ಬರುವಾಗ? ಇಳಿಜಾರಲ್ಲಿ?"

"ಅದೇ ದೊಡ್ಡ ತ್ರಾಸು. ಕೈ ಬ್ರೇಕು ಮಳಿಗಾಲದಾಗ ಹಿಡಿಯಂಗೇ ಇಲ್ಲ. ಜಗ್ಗಿ ಹಿಡಿದ್ರ ಹೊಟ್ಟಿಗಿ ಬೀಳ್ತದ."

"ಜೋರಾಗಿ ಓಡಿಸ್ಲಿಕ್ಕೆ ಉಂಟಾ?"

"ನಾ ಎಲ್ಲಿಗಿ ಓಡೋದದ ತಮ್ಮಾ?"

ಲತೀಶ ಒಳಗೆ ಹೋಗಿ ಜೈಭೀಮ ಇದುವರೆಗೆ ನೋಡಿರದ ಒಂದು ಹಬ್ ತಂದ. ಮೂರೇ ಗೇರು, ಆದರೆ ಬ್ರೇಕೂ ಅದರ ಹೊಟ್ಟೆಯಲ್ಲೇ ಇತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುತ್ತದೆ, ಮಳೆಗೂ ಜಗ್ಗುವುದಿಲ್ಲ. ಹಿಂದಿನ ಹಲ್ಲುಬಿಲ್ಲೆಯನ್ನು ಹದಿನೆಂಟರ ಬದಲು ಇಪ್ಪತ್ತೆರಡು ಹಲ್ಲಿನದು ಹಾಕಿದರೆ ಮೂರು ಗೇರೂ ಹಗುರಾಗುತ್ತವೆ. ಓಟ ಕಮ್ಮಿ, ಏರು ಸಲೀಸು. ಎರಡೇ ಸೂತು ಅಗಲ ಸಾಕು, ಹೇಗೂ ಬೆಸುಗೆ ಹಾಕುವಾಗ ಅಷ್ಟು ಬಿಟ್ಟೇ ಕೂಡಿಸಬಹುದು. ರಿಮ್ಮು ಮಾತ್ರ ಹೊಸದು.

"ಒಂದು ಕಷ್ಟ ಉಂಟು ಅಕ್ಕ. ಇದರಲ್ಲಿ ಪೆಡಲು ಹಿಂದೆ ತಿರುಗುದಿಲ್ಲ. ನಿಂತ ಮೇಲೆ ಕಾಲಿಗೆ ಬೇಕಾದ ಹಾಗೆ ಎತ್ತಿ ಇಟ್ಕೊಳ್ಲಿಕ್ಕೆ ಆಗುದಿಲ್ಲ."

ದಾನೇಶ್ವರಿ ಕೂತಲ್ಲೇ ಬಲಗಾಲು ಎತ್ತಿ ಇಟ್ಟು ನೋಡಿದಳು. "ನಿಲ್ಲೂ ಮೊದಲೇ ಬಲಗಾಲು ಮ್ಯಾಲ ಬರೂಹಂಗ ನೋಡ್ಕೊಂಡು ನಿಲ್ತೀನಿ. ಇದೇ ಇರ್ಲಿ."

ಹತ್ತು ನಿಮಿಷವೂ ಹಿಡಿಯಲಿಲ್ಲ. ಜೈಭೀಮನ ಜೇಬಿನ ಕಾಗದವನ್ನು ಯಾರೂ ಕೇಳಲಿಲ್ಲ. ಎಂಟು ಸ್ಪೀಡಿನ ಹಬ್ಬನ್ನು ಹೃಷೀಕೇಶ ನಗುತ್ತಲೇ ವಾಪಸ್ ತೆಗೆದುಕೊಂಡ.

ಯುಗಾದಿಯ ಹಿಂದಿನ ದಿನ ಸೈಕಲ್ಲು ಬಂತು. ಬೆಸುಗೆಯ ಸುತ್ತ ಅಂಗೈಯಷ್ಟು ಜಾಗ ಹೊಸ ಕಪ್ಪು ಬಣ್ಣ, ಬಂಗಾರದ ಗೆರೆ ಅಲ್ಲಿ ತುಂಡಾಗಿತ್ತು. ಜೈಭೀಮ ಸೂರಜ್‌ನ ಕೈಕಾಲು ಹಿಡಿದು ಎರಡು ತಿಂಗಳಿಗೆ ಮಧ್ಯಾಹ್ನದ ಪಾಳಿ ಮಾಡಿಸಿಕೊಂಡಿದ್ದ. ರೊಟ್ಟಿ ಬಡಿಯಲು ಚಾಳಿನ ಇಬ್ಬರು ಹೆಂಗಸರು ಬಂದಿದ್ದರು, ದಾನೇಶ್ವರಿ ಮಣೆಯ ಮೇಲೆ ಕೂತು ಹಿಟ್ಟಿನ ಹದವಷ್ಟೇ ನೋಡುತ್ತಿದ್ದಳು. ಕ್ಯಾರಿಯರಿಗೆ ಬುಟ್ಟಿ ಕಟ್ಟುವಾಗ ಅವಳೇ ಹೊಸ್ತಿಲಿಗೆ ಬಂದು ಹಗ್ಗದ ಗಂಟು ಸರಿ ಹೇಳಿಕೊಟ್ಟಳು.

ಏರಿನ ಬುಡದಲ್ಲಿ ಜೈಭೀಮ ಗೇರು ಇಳಿಸಿದ. ಹಲ್ಲು ಕಚ್ಚಿ, ಎದೆ ಗಟ್ಟಿಮಾಡಿ, ಇಂದು ಈ ಏರು ತನ್ನನ್ನು ಸಾಯಿಸಲಿ ಎಂದುಕೊಂಡೇ ತುಳಿಯಲು ಶುರುಮಾಡಿದ. ಈ ಸೈಕಲ್ಲಿನ ಮೇಲೆ ಅವಳು ಪಟ್ಟದ್ದನ್ನು ಒಂದು ದಿನವಾದರೂ ತಾನು ಪಡಬೇಕು, ತಿರುವಿನಲ್ಲಿ ದಮ್ಮು ಕಟ್ಟಿ ಇಳಿಯಬೇಕು, ಅಲ್ಲಿಂದ ನೂಕಬೇಕು. ಕಾಲು ಒಂದೇ ಸಮನೆ ತಿರುಗಿತು. ಟ್ರಾನ್ಸ್‌ಫಾರ್ಮರ್ ಬಂತು, ಹೋಯಿತು. ಕಾಲೇಜಿನ ಹುಡುಗರಿಬ್ಬರು ಮಾತಾಡುತ್ತ ನಡೆಯುತ್ತಿದ್ದರು, ಅವರನ್ನೂ ದಾಟಿದ. ಮೆಸ್ಸಿನ ಬಾಗಿಲು ಮುಟ್ಟಿದಾಗ ಹಣೆಯ ಮೇಲೆ ನಾಲ್ಕು ಹನಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ.

ಇಷ್ಟೇನಾ! ಇಷ್ಟು ಸುಲಭವಾ? ಗೆದ್ದೆನೆಂದು ಹಿಗ್ಗಬೇಕಾದವನು ತಲೆ ತಗ್ಗಿಸಿ ಬುಟ್ಟಿಯ ಹಗ್ಗ ಬಿಚ್ಚತೊಡಗಿದ. ಏರು ಕಷ್ಟವಾಗಿದ್ದರೆ ಅವನಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಮೊದಲ ವಾರದ ಮೂರು ಸ್ಪೀಡೇ ಸಾಕಿತ್ತು, ಮೂರು ವಾರದ ಆ ಹೊರೆ ಬೇಕಾಗಿಯೇ ಇರಲಿಲ್ಲ ಎನ್ನುವುದು ಅವನಿಗೆ ಕಾಲಿನಿಂದಲೇ ತಿಳಿದುಹೋಗಿತ್ತು. ಜಯಲತಾ ಬುಟ್ಟಿ ಇಳಿಸಿಕೊಳ್ಳುತ್ತ, "ಹೇಗುಂಟು ಗೇರು?" ಎಂದಳು. ಅವನು ಕೇಳಿಸದವನಂತೆ ಸೈಕಲ್ ತಿರುಗಿಸಿದ.

ಮನೆಗೆ ಬಂದಾಗ ದಾನೇಶ್ವರಿ ಹೊಸ್ತಿಲಲ್ಲೇ ಕೂತಿದ್ದಳು. "ಹ್ಯಾಂಗದ್ರೀ? ತಿರುವಿನಾಗ ಇಳಿದ್ರೇನು?"

"ಇಲ್ಲ. ಸಸಾರ ಅದ," ಎಂದ. "ಭಾಳ ಸಸಾರ ಅದ, ದಾನಿ." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಒತ್ತಿ ಬಂತು. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ, ಚಾಳಿನವರೆಲ್ಲ ನೋಡುತ್ತಿರುವಂತೆ, ಬಿಕ್ಕಿ ಬಿಕ್ಕಿ ಅತ್ತ.

ದಾನೇಶ್ವರಿ ಅವನನ್ನು ಅಳಲು ಬಿಟ್ಟಳು. ಸಮಾಧಾನದ ಮಾತು ಅವಳಲ್ಲಿ ಅಂದು ಇರಲಿಲ್ಲ, ಇದ್ದರೂ ಕೊಡುವ ಮನಸ್ಸಿರಲಿಲ್ಲ. ಅಳು ಇಳಿದ ಮೇಲೆ ನೀರಿನ ತಂಬಿಗೆ ಅವನ ಕಡೆ ಸರಿಸಿದಳು.

"ಮುಖ ತೊಳ್ಕೊಳ್ರಿ," ಎಂದಳು. "ನಾಳಿ ಹಬ್ಬ. ಜಯಕ್ಕ ನೂರಾನಲವತ್ತು ರೊಟ್ಟಿ ಹೇಳ್ಯಾಳ."